ಹೈದರಾಬಾದಿನಲ್ಲಿ ಮಾನವಶಾಸ್ತ್ರದ ಕ್ಷೇತ್ರಶಿಕ್ಷಣ ಮತ್ತು ಸಾಕ್ಷ್ಯಚಿತ್ರ: ಒಂದು ಚಾರಿತ್ರಿಕ ಅವಲೋಕನ

ಮಾನವಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನವನ್ನು ಮುಗಿಸುತ್ತಿರುವ, ಅಥವಾ ಸಂಶೋಧನೆಗೆ ಆಗತಾನೆ ಹೆಸರು ನೋಂದಾಯಿಸಿಕೊಂಡಿರುವ ವಿದ್ಯಾರ್ಥಿಗಳು ಇತ್ತೀಚಿನ ವರ್ಷಗಳಲ್ಲಿ ನಮ್ಮ ಮುಂದಿಡುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ಕ್ಷೇತ್ರಕಾರ್ಯದ ಜೊತೆಜೊತೆಗೆ ಸಾಕ್ಷ್ಯಚಿತ್ರ ನಿರ್ಮಾಣವನ್ನೂ ಕಲಿಯಲು ಅವಕಾಶವುಂಟೆ? ಯಾವುದಾದರೂ ಸಂಸ್ಥೆಯಲ್ಲಿ ಕೆಲವು ತಿಂಗಳು ದುಡಿದು ಅನುಭವ ಪಡೆಯಬಹುದೆ? ಇದಕ್ಕೆ ಉತ್ತರವಾಗಿ ವಿಳಾಸಗಳ ಪಟ್ಟಿಯೊಂದನ್ನು ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಪ್ರಶ್ನೆಯ ಹಿಂದೆ ಎಂಬತ್ತು ವರ್ಷಗಳಿಗೂ ಮೀರಿದ ಒಂದು ಚರಿತ್ರೆಯಿದೆ. ಅದರ ಮುಖ್ಯವಾದ ಕೆಲವು ಘಟ್ಟಗಳು ಹೈದರಾಬಾದಿನಲ್ಲಿ ನಡೆದಿವೆ. ಅವುಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಸಂಬಂಧಪಟ್ಟ ಭಾಗವೂ ಸಣ್ಣದಲ್ಲ. ಹೈದರಾಬಾದ್ ಎಂದೊಡನೆ ಶಾಸನಗಳನ್ನು, ದಫ್ತರುಗಳನ್ನು, ನಿಜಾಮರ ಆಡಳಿತವನ್ನು, ಏಕೀಕರಣ ಹೋರಾಟವನ್ನು ನೆನೆಯುವ ನಮ್ಮ ಸಂಶೋಧಕರು ಈ ಚರಿತ್ರೆಯ ಕಡೆಗೆ ಅಷ್ಟಾಗಿ ಗಮನ ಹರಿಸಿಲ್ಲ. ಮಾನವಶಾಸ್ತ್ರಜ್ಞನ ಟಿಪ್ಪಣಿ ಪುಸ್ತಕವೂ ಚಲನಚಿತ್ರದ ಕ್ಯಾಮೆರಾವೂ ಈ ನಗರದ ಸುತ್ತಮುತ್ತ ಮುಖಾಮುಖಿಯಾದಾಗಲೆಲ್ಲ ವಿದ್ಯಾರ್ಥಿ ಎಲ್ಲಿ ನಿಂತಿದ್ದ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಆ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲಿಗೆ ಪದದ ವಿಚಾರ. ಇಂಟರ್ನ್‌ಶಿಪ್ ಎಂಬುದಕ್ಕೆ ಕನ್ನಡದಲ್ಲಿ ಒಪ್ಪಿತವಾದ ಶಬ್ದವಿಲ್ಲ. ಶಿಷ್ಯವೃತ್ತಿ ಎಂದರೆ ವಿದ್ಯಾರ್ಥಿವೇತನ ಎಂದಾಗಿಬಿಡುತ್ತದೆ. ತರಬೇತಿ ಎಂದರೆ ಸಾಲದು. ಆದರೆ ಹಳೆಯ ಕಚೇರಿಗಳಲ್ಲಿ ಈ ಪದ್ಧತಿಗೆ ಒಂದು ಹೆಸರಿತ್ತು. ಮುಂದೆ ನೌಕರಿ ಸಿಕ್ಕೀತೆಂಬ ಆಸೆಯಿಂದ ಸಂಬಳವಿಲ್ಲದೆ ಕಚೇರಿಯಲ್ಲಿ ಬರೆಯುತ್ತ ಕೂರುವವನನ್ನು ಉಮೇದುವಾರ ಎನ್ನುತ್ತಿದ್ದರು. ಇಂದು ಆ ಪದ ಚುನಾವಣೆಯ ಅಭ್ಯರ್ಥಿಗೆ ಮೀಸಲಾಗಿದೆ. ಕಲಿಕೆಯೂ ದುಡಿಮೆಯೂ ನಿರೀಕ್ಷೆಯೂ ಬೆರೆತ ಆ ಸ್ಥಿತಿಯನ್ನು ಹೇಳಲು ಉಮೇದುವಾರಿಗಿಂತ ಒಳ್ಳೆಯ ಮಾತು ನಮಗಂತೂ ತೋರಿಲ್ಲ. ಉಮೇದುವಾರನ ಹೆಸರು ಕಡತದಲ್ಲಿ ಸೇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ಹೈದರಾಬಾದಿನ ಮಾನವಶಾಸ್ತ್ರ ಆರಂಭವಾದದ್ದು ಒಂದು ಬಗೆಯ ಬಂಧನದಿಂದ. ವಿಯೆನ್ನಾದಲ್ಲಿ 1909ರಲ್ಲಿ ಜನಿಸಿದ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆಂಡಾರ್ಫ್ 1936-37ರಲ್ಲಿ ನಾಗಾ ಬೆಟ್ಟಗಳಲ್ಲಿ ಕ್ಷೇತ್ರಕಾರ್ಯ ಮಾಡಿದ್ದರು. ಮದುವೆಯಾದ ಬಳಿಕ ಪತ್ನಿ ಬೆಟ್ಟಿಯವರೊಡನೆ ಅವರು ಮತ್ತೆ ಭಾರತಕ್ಕೆ ಬಂದಾಗ ಎರಡನೆಯ ಮಹಾಯುದ್ಧ ತೊಡಗಿತು. ಆಸ್ಟ್ರಿಯ ಆಗಲೇ ಜರ್ಮನಿಯಲ್ಲಿ ವಿಲೀನವಾಗಿದ್ದುದರಿಂದ ಅವರ ಕೈಯಲ್ಲಿದ್ದುದು ಜರ್ಮನ್ ಪಾಸ್‌ಪೋರ್ಟ್. ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಅವರು ಶತ್ರುದೇಶದ ಪ್ರಜೆ. ನಿಜಾಮರ ಸಂಸ್ಥಾನದೊಳಗೆ ಇರತಕ್ಕದ್ದು ಎಂಬ ನಿರ್ಬಂಧಕ್ಕೆ ಒಳಗಾದ ಅವರಿಗೆ ಅಲ್ಲಿನ ಅರಣ್ಯವಾಸಿಗಳ ನಡುವೆ ಅಧ್ಯಯನ ಮಾಡಲು ಸರಕಾರವೇ ಅನುಮತಿ ನೀಡಿತು. ಹೀಗೆ ರಾಜಕೀಯ ನಿರ್ಬಂಧವೊಂದು ದೀರ್ಘವಾದ ಕ್ಷೇತ್ರಕಾರ್ಯವಾಗಿ ಪರಿಣಮಿಸಿತು. ನಲ್ಲಮಲೆಯ ಕಾಡಿನ ಚೆಂಚುಗಳು, ಗೋದಾವರಿಯ ಆಚೀಚೆಯ ಕೊಂಡರೆಡ್ಡಿಗಳು, ಆದಿಲಾಬಾದಿನ ರಾಜಗೊಂಡರು ಈ ಮೂರು ಸಮುದಾಯಗಳ ಮೇಲಿನ ಅವರ ಗ್ರಂಥಗಳು ಕ್ರಮವಾಗಿ 1943, 1945 ಮತ್ತು 1948ರಲ್ಲಿ ಪ್ರಕಟವಾದವು.

ರಾಜಗೊಂಡರ ಅಧ್ಯಯನಕ್ಕೆ ಪೂರ್ವದಲ್ಲಿ ನಡೆದ ಘಟನೆಯನ್ನು ಮರೆಯುವಂತಿಲ್ಲ. 1940ರಲ್ಲಿ ಜೋಡೇಘಾಟಿನಲ್ಲಿ ಕುಮ್ರಂ ಭೀಮ್ ಸಂಸ್ಥಾನದ ಪೊಲೀಸರ ಗುಂಡಿಗೆ ಬಲಿಯಾದರು. ಗೊಂಡರು ಸಾಗುವಳಿ ಮಾಡುತ್ತಿದ್ದ ಭೂಮಿ ಕಾಯ್ದಿಟ್ಟ ಅರಣ್ಯಕ್ಕೂ ಹೊರಗಿನಿಂದ ಬಂದ ರೈತರಿಗೂ ಹೋಗುತ್ತಿದ್ದುದು ಆ ಬಂಡಾಯದ ಮೂಲ. ಬಂಡಾಯವನ್ನು ಅಡಗಿಸಿದ ಸರಕಾರಕ್ಕೆ ಅದರ ಕಾರಣ ತಿಳಿಯಬೇಕಾಗಿತ್ತು. ಹೈಮೆಂಡಾರ್ಫ್ ಆ ಕಾರಣವನ್ನು ಬರೆದು ಒಪ್ಪಿಸಿದರು. ಬಸ್ತರಿನ ಮಾಡಿಯಾ ಗೊಂಡರ ಮೇಲೆ 1938ರಲ್ಲಿ ಗ್ರಂಥ ಪ್ರಕಟಿಸಿದ್ದ ಡಬ್ಲ್ಯು. ವಿ. ಗ್ರಿಗ್ಸನ್ ಆಗ ಹೈದರಾಬಾದಿನ ಕಂದಾಯ ಸಚಿವ ಸ್ಥಾನದಲ್ಲಿದ್ದುದು ಅನುಕೂಲವಾಯಿತು. ಗೊಂಡರಿಗೆ ಪಟ್ಟಾಗಳು ದೊರೆತವು. 1943ರಲ್ಲಿ ಮಾರ್ಲವಾಯಿ ಗ್ರಾಮದಲ್ಲಿ ಗೊಂಡ ಶಿಕ್ಷಕರ ತರಬೇತಿ ಕೇಂದ್ರ ತೆರೆಯಿತು. ಗೊಂಡಿ ಭಾಷೆಯ ವಾಚಕಗಳು ನಾಗರಿ ಲಿಪಿಯಲ್ಲಿ ಸಿದ್ಧವಾದವು. ಬುಡಕಟ್ಟು ಪ್ರದೇಶಗಳ ಬಗೆಗೆ 1356 ಫಸಲಿಯ ನಿಬಂಧನೆ ಬಂದಿತು. 1945ರಿಂದ 1949ರವರೆಗೆ ಅವರು ಸರಕಾರದ ಸಲಹೆಗಾರರೂ ಹೌದು, ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರೂ ಹೌದು. ಇಂದಿಗೂ ಪ್ರತಿ ಜನವರಿಯಲ್ಲಿ ಮಾರ್ಲವಾಯಿಯ ಜನ ಆ ದಂಪತಿಗಳ ಸ್ಮರಣೆ ಮಾಡುತ್ತಾರೆ. ಆಡಳಿತಕ್ಕೆ ನೆರವಾದ ಮಾನವಶಾಸ್ತ್ರವನ್ನು ಇಂದಿನ ವಿಮರ್ಶಕರು ಸಂಶಯದಿಂದ ನೋಡುತ್ತಾರೆ. ಆ ಸಂಶಯ ನ್ಯಾಯವಾದದ್ದೇ. ಆದರೂ ಮಾರ್ಲವಾಯಿಯ ಸ್ಮರಣೆಯನ್ನು ಅದರಿಂದ ಅಳಿಸಲಾಗದು.

ನಮ್ಮ ಪ್ರಶ್ನೆಗೆ ಬೇಕಾದದ್ದು ಇನ್ನೊಂದು ಸಂಗತಿ. ಹೈಮೆಂಡಾರ್ಫ್ ತಮ್ಮ ಕ್ಷೇತ್ರಗಳಲ್ಲಿ ಸಾವಿರಾರು ಛಾಯಾಚಿತ್ರಗಳನ್ನು ತೆಗೆದರು, 16 ಮಿ.ಮೀ. ಚಲನಚಿತ್ರವನ್ನೂ ತೆಗೆದರು. ಹೈದರಾಬಾದಿನಿಂದ ಈಶಾನ್ಯದ ಗಡಿಯವರೆಗೆ, ಮುಂದೆ ನೇಪಾಳದವರೆಗೆ ಹಲವು ದಶಕಗಳ ಕಾಲ ಅವರು ಕೂಡಿಸಿದ ಈ ಸಂಗ್ರಹ ಲಂಡನ್ನಿನ ಪ್ರಾಚ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆಯಲ್ಲಿದೆ. 1949ರಲ್ಲಿ ಅವರು ಅಧ್ಯಾಪಕರಾಗಿ ಹೋದದ್ದು ಅಲ್ಲಿಗೇ. ಕ್ಷೇತ್ರದಲ್ಲಿ ಬಳಸುತ್ತಿದ್ದ ಅಂದಿನ ಸಣ್ಣ ಕ್ಯಾಮೆರಾಗಳು ಮೂಕ. ಗೊಂಡರ ಪರಂಪರೆಯ ಕಥನವೆಲ್ಲ ಪರಧಾನರ ಬಾಯಲ್ಲಿ, ಅವರ ತಂತಿವಾದ್ಯದ ಜೊತೆಯಲ್ಲಿ ಇರುವಂಥದು. ಅದನ್ನು ಹೈಮೆಂಡಾರ್ಫ್ ಕೇಳಿ ಬರೆದುಕೊಂಡರು, ಗ್ರಂಥದಲ್ಲಿ ಇಂಗ್ಲಿಷಿಗೆ ತಂದರು. ಹಾಗಾಗಿ ಕುಣಿತದ ಹೆಜ್ಜೆ ಒಂದು ಕಡೆ, ಹಾಡಿನ ಮಾತು ಇನ್ನೊಂದು ಕಡೆ ಉಳಿದವು. ದೃಶ್ಯ ಮತ್ತು ಧ್ವನಿಗಳ ಈ ಅಗಲಿಕೆ ತಾಂತ್ರಿಕ ಮಿತಿಯಿಂದ ಹುಟ್ಟಿದ್ದು ನಿಜ. ಆದರೆ ಅದು ತಂತ್ರಜ್ಞಾನ ಬದಲಾದ ಮೇಲೂ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದದ್ದನ್ನು ಮುಂದೆ ಕಾಣಬಹುದು.

ಇನ್ನು ವಿದ್ಯಾರ್ಥಿ. ಉಸ್ಮಾನಿಯಾದಲ್ಲಿ ಮಾನವಶಾಸ್ತ್ರದ ಬೋಧನೆಯೊಂದಿಗೆ ಹಳ್ಳಿಗೆ ಹೋಗಿ ಕಲಿಯುವ ಪರಿಪಾಠ ಬೆಳೆದದ್ದಕ್ಕೆ ಒಳ್ಳೆಯ ಸಾಕ್ಷಿ ಎಸ್. ಸಿ. ದುಬೆಯವರ ಶಾಮೀರ್‌ಪೇಟೆಯ ಅಧ್ಯಯನ. ಛತ್ತೀಸಗಢದ ಕಮಾರರ ಮೇಲೆ ಕೆಲಸ ಮಾಡಿ ಹೈದರಾಬಾದಿಗೆ ಬಂದ ದುಬೆ, ವಿಶ್ವವಿದ್ಯಾನಿಲಯದ ಸಮಾಜಸೇವಾ ವಿಸ್ತರಣ ಯೋಜನೆಯ ಅಂಗವಾಗಿ 1951-52ರಲ್ಲಿ ನಗರದ ಹೊರವಲಯದಾಚೆಯ ಈ ಹಳ್ಳಿಯನ್ನು ಆಯ್ದುಕೊಂಡರು. ಅವರು ಒಬ್ಬರೇ ಹೋಗಲಿಲ್ಲ. ಕೃಷಿ, ಪಶುವೈದ್ಯ, ವೈದ್ಯ, ಶಿಕ್ಷಣ ಮೊದಲಾದ ಬೇರೆ ಬೇರೆ ವಿಭಾಗಗಳವರೂ ವಿದ್ಯಾರ್ಥಿಗಳೂ ಕೂಡಿದ ತಂಡವೊಂದು ಹೋಯಿತು. ಚಿಕಿತ್ಸೆಯನ್ನೂ ಬೇಸಾಯದ ಸಲಹೆಯನ್ನೂ ಕೊಡುತ್ತ, ಅದರ ಜೊತೆಯಲ್ಲಿಯೇ ಕುಟುಂಬ, ಜಾತಿ, ಜಮೀನು, ಹಬ್ಬಗಳ ವಿವರವನ್ನು ಕೂಡಿಸುವುದು ಅವರ ವಿಧಾನ. ಇದರ ಫಲವಾದ ‘ಇಂಡಿಯನ್ ವಿಲೇಜ್’ ಗ್ರಂಥ 1955ರಲ್ಲಿ ಹೊರಬಂದು ಭಾರತೀಯ ಗ್ರಾಮಾಧ್ಯಯನಗಳಲ್ಲಿ ಮೊದಲ ಸಾಲಿನದೆನಿಸಿತು. ಅದಕ್ಕೆ ಕೆಲವು ವರ್ಷಗಳ ಮುನ್ನ, 1948ರಲ್ಲಿ, ಮೈಸೂರಿನ ರಾಂಪುರವನ್ನು ಎಂ. ಎನ್. ಶ್ರೀನಿವಾಸರು ಏಕಾಂಗಿಯಾಗಿ ನೋಡಿದ್ದಕ್ಕೂ ಶಾಮೀರ್‌ಪೇಟೆಯನ್ನು ತಂಡವೊಂದು ನೋಡಿದ್ದಕ್ಕೂ ಇರುವ ಅಂತರವನ್ನು ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಇಂದಿನ ಅರ್ಥದ ಉಮೇದುವಾರಿ ಈ ಪ್ರದೇಶದ ಮಾನವಶಾಸ್ತ್ರದಲ್ಲಿ ರೂಪುಗೊಂಡದ್ದು ಶಾಮೀರ್‌ಪೇಟೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಆ ಗ್ರಂಥ ಅಕ್ಷರಗಳ ಗ್ರಂಥ. ವಿದ್ಯಾರ್ಥಿಯ ಕೈಗೆ ಬಂದದ್ದು ಪ್ರಶ್ನಾವಳಿ ಮತ್ತು ಟಿಪ್ಪಣಿ ಪುಸ್ತಕ. ಕ್ಯಾಮೆರಾ ಗುರುವಿನ ಕೈಯಲ್ಲಿ ಲಂಡನ್ನಿಗೆ ಹೋಗಿತ್ತು. ಇಲ್ಲವೆ 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ನಿನ ಕೈಯಲ್ಲಿತ್ತು. ಚಿತ್ರಮಂದಿರಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ಅದರ ಸಾಕ್ಷ್ಯಚಿತ್ರಗಳಲ್ಲಿ ಬುಡಕಟ್ಟಿನ ಜನರು ಬಹುಮಟ್ಟಿಗೆ ಕುಣಿಯುವವರಾಗಿಯೇ ಕಾಣಿಸಿಕೊಂಡರು.

ಎರಡನೆಯ ಘಟ್ಟ 1975ರದು. ಇದು ಕನ್ನಡ ಸಂಶೋಧಕರಿಗೆ ಹೆಚ್ಚು ಹತ್ತಿರದ್ದಾದುದರಿಂದ ತುಸು ವಿಸ್ತಾರವಾಗಿ ನೋಡಬೇಕಾಗಿದೆ. ಅಮೆರಿಕದ ಏಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಭಾರತ ಸರಕಾರ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಹಳ್ಳಿಗಳಿಗೆ ದೂರದರ್ಶನವನ್ನು ನೇರವಾಗಿ ಮುಟ್ಟಿಸುವ ಪ್ರಯೋಗ ನಡೆಸಿತು. ಸೈಟ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ಈ ಯೋಜನೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಆಂಧ್ರಪ್ರದೇಶದಲ್ಲಿ ಮೆದಕ್, ಮಹಬೂಬನಗರ, ಕರ್ನೂಲು ಮೊದಲಾದ ಜಿಲ್ಲೆಗಳ ಹಳ್ಳಿಗಳನ್ನು. ಶಾಲೆಯ ಅಂಗಳದಲ್ಲೋ ಪಂಚಾಯಿತಿಯ ಕಟ್ಟಡದ ಮೇಲೋ ಸುಮಾರು ಹತ್ತು ಅಡಿ ವ್ಯಾಸದ ತಂತಿಬಲೆಯ ಆಂಟೆನಾ ನಿಂತಿತು. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ಒಟ್ಟು ನಾಲ್ಕು ಗಂಟೆಗಳ ಕಾರ್ಯಕ್ರಮ. ಈ ಕಾರ್ಯಕ್ರಮಗಳನ್ನು ಸಿದ್ಧಪಡಿಸಲು ದಿಲ್ಲಿ, ಕಟಕ್ ಮತ್ತು ಹೈದರಾಬಾದಿನಲ್ಲಿ ನಿರ್ಮಾಣ ಕೇಂದ್ರಗಳು ತೆರೆದವು. ತೆಲುಗಿನ ಜೊತೆಗೆ ಕನ್ನಡದ ಕಾರ್ಯಕ್ರಮಗಳೂ ತಯಾರಾದದ್ದು ಹೈದರಾಬಾದಿನಲ್ಲಿ.

ಇದರ ಅರ್ಥವನ್ನು ನಾವು ಪೂರ್ತಿಯಾಗಿ ಗ್ರಹಿಸಿಲ್ಲವೆಂದು ತೋರುತ್ತದೆ. 1956ರಲ್ಲಿ ಹೈದರಾಬಾದಿನಿಂದ ಬೇರ್ಪಟ್ಟ ಕನ್ನಡ ಜಿಲ್ಲೆಗಳಿಗೆ ಇಪ್ಪತ್ತು ವರ್ಷಗಳೂ ಕಳೆಯುವ ಮೊದಲೇ ಅದೇ ನಗರದಿಂದ ಹೊಸ ಮಾಧ್ಯಮವೊಂದರ ಕನ್ನಡ ಹರಿದುಬಂತು. ಕರ್ನಾಟಕದ ಮೊದಲ ದೂರದರ್ಶನ ಪ್ರಸಾರ ಕೇಂದ್ರ 1977ರಲ್ಲಿ ಆರಂಭವಾದದ್ದೂ ಗುಲ್ಬರ್ಗದಲ್ಲಿ. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ರಾಜಧಾನಿಗಿಂತ ಮೊದಲು ಹಿಂದುಳಿದ ಜಿಲ್ಲೆಯೊಂದು ಮುಂದಾದ ಅಪರೂಪದ ಪ್ರಸಂಗವಿದು. ಈ ಭಾಗದವರು ಇದನ್ನು ಹೆಮ್ಮೆಯಿಂದ ಹೇಳಿಕೊಂಡದ್ದನ್ನೇ ನಾವು ಹೆಚ್ಚು ಕೇಳಿಲ್ಲ. ಸೈಟ್ ವ್ಯವಸ್ಥೆಯಲ್ಲಿ ಒಂದು ಚಿತ್ರವಾಹಿನಿಯೊಡನೆ ಎರಡು ಧ್ವನಿವಾಹಿನಿಗಳಿದ್ದವು. ಅಂದರೆ ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸುವುದಕ್ಕೆ ತಾಂತ್ರಿಕವಾಗಿ ಎಡೆಯಿತ್ತು. ಹೈಮೆಂಡಾರ್ಫರ ಚಿತ್ರಕ್ಕೆ ಧ್ವನಿಯೇ ಇರಲಿಲ್ಲ. ಇಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಗಳ ಅನುಕೂಲ ಒದಗಿತು. ಎರಡೂ ಸಂದರ್ಭಗಳಲ್ಲಿ ದೃಶ್ಯದೊಳಗಿನ ವ್ಯಕ್ತಿಯ ಮಾತು ಅವನದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಸುರಪುರದ ಅಥವಾ ಸಿಂಧನೂರಿನ ಕಡೆಯ ರೈತ ಸಂಜೆ ಕೇಳಿದ ಆ ಕನ್ನಡ ಯಾವ ಕನ್ನಡ? ಪುಸ್ತಕದ್ದೆ, ಬೆಂಗಳೂರಿನದೆ, ಅವನ ಮನೆಯದೆ? ಭಾಷಾಶಾಸ್ತ್ರದವರಿಗೂ ಮಾಧ್ಯಮ ಅಧ್ಯಯನದವರಿಗೂ ಕಾದುಕುಳಿತಿರುವ ಪ್ರಶ್ನೆಯಿದು.

ಸೈಟ್ ಯೋಜನೆಯ ಇನ್ನೊಂದು ವಿಶೇಷವೆಂದರೆ ಅದರ ಮೌಲ್ಯಮಾಪನದಲ್ಲಿ ಮಾನವಶಾಸ್ತ್ರಕ್ಕೆ ದೊರೆತ ಸ್ಥಾನ. ಸಾವಿರಾರು ಜನರನ್ನು ಪ್ರಶ್ನಾವಳಿಯ ಮೂಲಕ ವಿಚಾರಿಸುವ ಸಮೀಕ್ಷೆ ಹೇಗೂ ನಡೆಯಿತು. ಅದಲ್ಲದೆ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮಾನವಶಾಸ್ತ್ರಜ್ಞ ಬಿನೋದ್ ಸಿ. ಅಗ್ರವಾಲ್ ಅವರ ನೇತೃತ್ವದಲ್ಲಿ, ಆಯ್ದ ಹಳ್ಳಿಗಳಲ್ಲಿ ಮಾನವಶಾಸ್ತ್ರದ ಯುವ ಸಂಶೋಧಕರು ದೀರ್ಘಕಾಲ ನೆಲೆಸಿ, ಪೆಟ್ಟಿಗೆ ಊರಿಗೆ ಬರುವ ಮುನ್ನ, ಬಂದಾಗ, ಹೋದ ಮೇಲೆ ಊರಿನ ಬದುಕು ಹೇಗಿತ್ತೆಂಬುದನ್ನು ದಾಖಲಿಸಿದರು. ಈ ಅನುಭವಗಳನ್ನು ಆಧರಿಸಿ ಅಗ್ರವಾಲರು ಸಂಪಾದಿಸಿದ ಗ್ರಂಥ 1985ರಲ್ಲಿ ಪ್ರಕಟವಾಗಿದೆ. ಮೊದಮೊದಲು ಪೆಟ್ಟಿಗೆಯ ಮುಂದೆ ನೆರೆಯುತ್ತಿದ್ದ ಜನಸಂದಣಿ ಕುತೂಹಲ ತಣಿದಂತೆ ಇಳಿಯಿತೆಂಬುದು, ಓದುಬರಹ ಬಾರದವರಿಗೂ ಹೆಂಗಸರಿಗೂ ಈ ಪ್ರಸಾರದಿಂದ ಹೆಚ್ಚು ತಿಳಿವಳಿಕೆ ದೊರೆಯಿತೆಂಬುದು ಆಗಿನ ಮೌಲ್ಯಮಾಪನದಿಂದ ಹೊರಟ ಸಂಗತಿಗಳು. ಹಳ್ಳಿಯಲ್ಲಿ ವಾಸವಾಗಿದ್ದ ಸಂಶೋಧಕ ಮಾತ್ರ ಗುರುತಿಸಬಹುದಾದ ವಿಷಯಗಳು ಬೇರೆ: ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರುತ್ತಿತ್ತು, ಯಾವ ಕೇರಿಯವರು ಎಲ್ಲಿ ಕೂರುತ್ತಿದ್ದರು, ಮಳೆ ಬಂದಾಗ ಯಾರಿಗೆ ಒಳಗೆ ಜಾಗವಿತ್ತು.

ಈ ಯುವಕರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಅವರು ಚಿತ್ರ ತೆಗೆಯುವವರಲ್ಲ, ಚಿತ್ರ ನೋಡುವವರನ್ನು ನೋಡುವವರು. ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ಕ್ಯಾಮೆರಾ ಹಿಡಿದವರಿಗೂ ಹಳ್ಳಿಯಲ್ಲಿ ಟಿಪ್ಪಣಿ ಬರೆದವರಿಗೂ ನಡುವೆ ವರದಿಗಳು ಓಡಾಡಿದವು, ಕಸುಬು ಓಡಾಡಲಿಲ್ಲ. ಜಗತ್ತಿನ ಬೇರೆಡೆಗಳಲ್ಲಿ ಅದೇ ಹೊತ್ತಿಗೆ ಮಾನವಶಾಸ್ತ್ರ ತನ್ನ ವಿದ್ಯಾರ್ಥಿಯ ಕೈಗೆ ಕ್ಯಾಮೆರಾ ಕೊಡುವ ಬಗೆಗೆ ಗಂಭೀರವಾಗಿ ಚಿಂತಿಸುತ್ತಿತ್ತು. ಬೇಟ್ಸನ್ ಮತ್ತು ಮಾರ್ಗರೆಟ್ ಮೀಡ್ 1936ರಿಂದ 1938ರ ಅವಧಿಯಲ್ಲಿ ಬಾಲಿ ದ್ವೀಪದಲ್ಲಿ ಆರಂಭಿಸಿದ ಕೆಲಸ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ 1960ರ ದಶಕದ ಹೊತ್ತಿಗೆ ಶಿಕ್ಷಣಕ್ರಮವಾಗಿ ಬೆಳೆದಿತ್ತು. ದೃಶ್ಯ ಮಾನವಶಾಸ್ತ್ರದ ಮೂಲತತ್ತ್ವಗಳನ್ನು ಕುರಿತ ಪ್ರಸಿದ್ಧ ಸಂಕಲನ ಪ್ರಕಟವಾದದ್ದು ಸೈಟ್ ಆರಂಭವಾದ 1975ರಲ್ಲೇ. ಅದರ ಸಂಪಾದಕ ಪಾಲ್ ಹಾಕಿಂಗ್ಸ್ ನಮಗೆ ಅಪರಿಚಿತರಲ್ಲ. ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ನೀಲಗಿರಿಯ ಬಡಗರ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರು. ಮಾತುಗಳನ್ನೇ ನಂಬಿದ ಶಾಸ್ತ್ರವೊಂದು ದೃಶ್ಯವನ್ನು ಅಸಡ್ಡೆ ಮಾಡಿತೆಂಬ ಮೀಡ್ ಅವರ ಆಕ್ಷೇಪ ಆ ಸಂಕಲನದ ಆರಂಭದಲ್ಲಿದೆ. ಹೈಮೆಂಡಾರ್ಫರ ಬಳಗದ ಮೈಕಲ್ ಯಾರ್ಕ್ 1970ರ ದಶಕದಲ್ಲಿ ಆದಿಲಾಬಾದಿನ ಗೊಂಡರ ನಡುವೆ ಸಂಶೋಧನೆ ನಡೆಸಿ, ಗುರುಗಳ 1982ರ ‘ಟ್ರೈಬ್ಸ್ ಆಫ್ ಇಂಡಿಯಾ’ ಗ್ರಂಥದಲ್ಲಿ ಅಧ್ಯಾಯವನ್ನೂ ಬರೆದು, ಮುಂದೆ ಸಾಕ್ಷ್ಯಚಿತ್ರ ನಿರ್ದೇಶಕರಾದರು. ಟಿಪ್ಪಣಿ ಪುಸ್ತಕದಿಂದ ಕ್ಯಾಮೆರಾಕ್ಕೆ ನೇರವಾಗಿ ದಾಟಿದ ಉದಾಹರಣೆ ಆದಿಲಾಬಾದಿನಿಂದಲೇ ದೊರೆಯುತ್ತದೆ. ದಾಟಿದವರು ಮಾತ್ರ ಲಂಡನ್ನಿನವರು.

ಕರಾವಳಿ ಕರ್ನಾಟಕದಲ್ಲಿ ಈ ದಾಟುವಿಕೆ ಬೇರೊಂದು ರೀತಿಯಲ್ಲಿ ಸಾಧ್ಯವಾಯಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೋಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಕೂಡಿ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಹಲವು ದಿನಗಳ ಕಾಲ ಧ್ವನಿ ಮತ್ತು ದೃಶ್ಯ ಎರಡರಲ್ಲಿಯೂ ದಾಖಲಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಅಚ್ಚಾಯಿತು. ಹಾಡಿದವನ ಹೆಸರು ಮುಖಪುಟದಲ್ಲಿಯೇ ಕಾಣುವ ಪದ್ಧತಿಗೆ ಅದು ಮೇಲ್ಪಂಕ್ತಿ. ಆದರೆ ಅದು ಜಾನಪದದ ಚರಿತ್ರೆ, ತುಳುನಾಡಿನ ಚರಿತ್ರೆ. ನಮ್ಮ ಪ್ರಸ್ತುತ ವಿಷಯಕ್ಕೆ ಹೋಲಿಕೆಯಾಗಿ ಸಾಕು.

ಮತ್ತೆ ಹೈದರಾಬಾದಿಗೆ ಬರೋಣ. ನಗರದಿಂದ ಬೀದರಿಗೆ ಹೋಗುವ ದಾರಿಯಲ್ಲಿ ಜಹೀರಾಬಾದ್ ಇದೆ. 1956ರವರೆಗೆ ಇದು ಬೀದರ್ ಜಿಲ್ಲೆಯದೇ ತಾಲ್ಲೂಕು. ಅನಂತರ ಮೆದಕಿಗೆ ಸೇರಿ, ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಇದರ ಬಳಿಯ ಪಸ್ತಾಪುರವನ್ನು ನೆಲೆಯಾಗಿ ಮಾಡಿಕೊಂಡು 1983ರಿಂದ ಕೆಲಸ ಮಾಡಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಮುಖ್ಯವಾಗಿ ದಲಿತ ಮಹಿಳೆಯರ ಸಂಘಗಳ ಮೂಲಕ ಒಣಬೇಸಾಯ, ಕಿರುಧಾನ್ಯ, ಬೀಜಸಂಗ್ರಹಗಳ ಕಾರ್ಯದಲ್ಲಿ ತೊಡಗಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿ ಸೈಟ್ ಯೋಜನೆಯಲ್ಲಿ ದುಡಿದವರು. 2023ರ ಮಾರ್ಚಿನಲ್ಲಿ ನಿಧನರಾದರು. ಸೈಟ್ ಮತ್ತು ಪಸ್ತಾಪುರಗಳ ನಡುವೆ ಒಬ್ಬ ಕನ್ನಡಿಗರ ವೃತ್ತಿಜೀವನವೇ ಸೇತುವೆಯಾಗಿರುವುದು ಕಾಕತಾಳೀಯವೆಂದು ನಮಗನ್ನಿಸುವುದಿಲ್ಲ. ಹಳ್ಳಿಗೆ ಚಿತ್ರವನ್ನು ಕಳಿಸಿ ನೋಡಿದವರಿಗೆ, ಹಳ್ಳಿಯಿಂದ ಚಿತ್ರ ಬರಬೇಕೆಂಬ ಯೋಚನೆ ಹುಟ್ಟುವುದು ಸಹಜ.

ಪಸ್ತಾಪುರದ ಸಂಘಗಳ ಹೆಂಗಸರು, ಅವರಲ್ಲಿ ಅನೇಕರು ಶಾಲೆಯ ಮುಖ ಕಾಣದವರು, ವಿಡಿಯೋ ಕ್ಯಾಮೆರಾ ಹಿಡಿಯಲು ಕಲಿತರು. 2001ರಲ್ಲಿ ಅವರದೇ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು. ವರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಸಂಕಷ್ಟವನ್ನು ಕುರಿತು ಅವರು ತೆಗೆದ ಚಿತ್ರಗಳು ದೇಶದ ಹೊರಗೂ ಪ್ರದರ್ಶನಗೊಂಡವು. 2008ರ ಅಕ್ಟೋಬರಿನಲ್ಲಿ ಮಾಚನೂರಿನಿಂದ ಸಂಘಂ ರೇಡಿಯೋ ಪ್ರಸಾರ ಆರಂಭಿಸಿತು. ಬೀಜದ ಹೆಸರನ್ನು ಹೇಳುವವಳೂ, ಆ ಬೀಜವನ್ನು ಕ್ಯಾಮೆರಾದ ಮುಂದೆ ಹಿಡಿಯುವವಳೂ, ಕ್ಯಾಮೆರಾದ ಹಿಂದೆ ನಿಲ್ಲುವವಳೂ ಒಂದೇ ಸಂಘದವರಾದಾಗ ಚಿತ್ರ ಮತ್ತು ಧ್ವನಿಗಳ ನಡುವಣ ಹಳೆಯ ಅಗಲಿಕೆಗೆ ಅವಕಾಶ ಕಡಿಮೆ. ಇದನ್ನು ಸಾಕ್ಷ್ಯಚಿತ್ರದ ಪರಮಾವಧಿ ಎಂದು ಕೊಂಡಾಡುವವರಿದ್ದಾರೆ. ಅಷ್ಟು ದೂರ ಹೋಗಲು ನಾವು ಸಿದ್ಧರಿಲ್ಲ. ಸಂಸ್ಥೆಯೊಂದರ ಆಶ್ರಯದಲ್ಲಿ ತೆಗೆದ ಚಿತ್ರಕ್ಕೆ ಆ ಸಂಸ್ಥೆಯ ಕಾರ್ಯಸೂಚಿಯ ಬಣ್ಣವಿರುವುದು ಅನಿವಾರ್ಯ; ಹೆಂಗಸರು ಏನನ್ನು ಚಿತ್ರಿಸಲಿಲ್ಲ ಎಂಬುದೂ ವಿಚಾರಿಸಬೇಕಾದ ಪ್ರಶ್ನೆಯೇ. ಆದರೂ ಮಾನವಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒದಗುವ ಪಾಠ ಬೇರೆಡೆ ಸುಲಭವಾಗಿ ಸಿಗದು. ಅವನಿಗೆ ಅಥವಾ ಅವಳಿಗೆ ಕಲಿಸುವವರು ವಕ್ತೃಗಳೇ.

ಹೈದರಾಬಾದ್ ವಿಶ್ವವಿದ್ಯಾನಿಲಯ 1974ರಲ್ಲಿ ಸ್ಥಾಪನೆಯಾಯಿತು. ಗಚ್ಚಿಬೌಲಿಯ ಅದರ ಆವರಣದಲ್ಲಿ ಮಾನವಶಾಸ್ತ್ರ ವಿಭಾಗವೂ ಇದೆ, 1988ರಲ್ಲಿ ತೊಡಗಿದ ಸರೋಜಿನಿ ನಾಯ್ಡು ಶಾಲೆಯಿಂದ ಬೆಳೆದ ಸಂವಹನ ವಿಭಾಗವೂ ಇದೆ. ಸಮುದಾಯ ಮಾಧ್ಯಮವನ್ನು ಕುರಿತ ಯುನೆಸ್ಕೋ ಪೀಠ ಇಲ್ಲಿ 2011ರಲ್ಲಿ ಆರಂಭವಾಯಿತು. ಅದಕ್ಕೂ ಮುನ್ನ, 2007ರಲ್ಲಿ, ಈ ವಿಭಾಗದ ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ ಪ್ರಕಟಿಸಿದ ಗ್ರಂಥದಲ್ಲಿ ಪಸ್ತಾಪುರದ ಜೊತೆಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯ ವಿವರವೂ ಇದೆ. ಕನ್ನಡದ ವಿದ್ಯಾರ್ಥಿಗೆ ಹೈದರಾಬಾದಿನಲ್ಲಿ ಪ್ರವೇಶ ದೊರಕಿಸಿಕೊಡುವ ಬಾಗಿಲುಗಳಲ್ಲಿ ಈ ಗ್ರಂಥವೂ ಒಂದು. ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ವಿಭಾಗವಿದೆ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟು ಅಧ್ಯಯನಕ್ಕೆ ವಿಭಾಗವನ್ನೇ ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಪದವಿಯ ಹಂತದಿಂದಲೇ ಇಂಟರ್ನ್‌ಶಿಪ್ಪಿಗೆ ಒತ್ತು ದೊರೆತಿದೆ. ಅವಕಾಶಗಳು ಇಲ್ಲವೆನ್ನುವಂತಿಲ್ಲ. ಏನನ್ನು ಮಾಡಬೇಕು ಎಂಬುದರ ಬಗೆಗೆ ಮಾತ್ರ ನಮ್ಮಲ್ಲಿ ಚರ್ಚೆ ಸಾಲದು. ಉಮೇದುವಾರನನ್ನು ಕ್ಯಾಮೆರಾದ ತ್ರಿಪಾದಿ ಹೊರುವುದಕ್ಕೂ ಸಂದರ್ಶನಗಳನ್ನು ಅಕ್ಷರಕ್ಕಿಳಿಸುವುದಕ್ಕೂ ಬಳಸಿಕೊಂಡು ಪ್ರಮಾಣಪತ್ರ ಕೊಟ್ಟು ಕಳಿಸುವ ರೂಢಿಯನ್ನು ಕಂಡವರಿಗೆ ಈ ಮಾತು ಕಟುವೆನಿಸಲಾರದು.

ಕೆಲವು ವರ್ಷಗಳ ಹಿಂದೆ ಹಳೆಯ ದೃಶ್ಯಸಂಗ್ರಹವೊಂದನ್ನು ನೋಡಲು ಹೋದಾಗ ನಮಗಾದ ಅನುಭವವನ್ನು ಇಲ್ಲಿ ಹೇಳಬಹುದು. ಸಂಸ್ಥೆಯ ಹೆಸರು ಬೇಡ. ಸೂಚಿಕಾರ್ಡುಗಳು ಅಚ್ಚುಕಟ್ಟಾಗಿದ್ದವು. ಕಾರ್ಯಕ್ರಮದ ಹೆಸರು, ನಿರ್ಮಾಪಕರ ಹೆಸರು, ಅವಧಿ ಎಲ್ಲವೂ ಇದ್ದವು. ಚಿತ್ರಿಸಿದ ಊರಿನ ಹೆಸರಿಗೆ ಮಾತ್ರ ಕಾರ್ಡಿನಲ್ಲಿ ಜಾಗವೇ ಇರಲಿಲ್ಲ. ಒಂದು ಕಾರ್ಡಿನ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ತಾಲ್ಲೂಕಿನ ಹೆಸರು ಬರೆದಿದ್ದರು, ಬಹುಶಃ ಅಂದಿನ ಒಬ್ಬ ಉಮೇದುವಾರ. ನಾವು ಕಂಡ ಅತ್ಯಂತ ಉಪಯುಕ್ತವಾದ ಮಾಹಿತಿ ಅದೊಂದೇ.

ಊರಿನ ಹೆಸರು, ಜನರ ಹೆಸರು ಏಕೆ ಅಷ್ಟು ಮುಖ್ಯವೆಂಬುದಕ್ಕೆ ಬೀದರಿನ ಒಂದು ನಿದರ್ಶನ ಸಾಕು. ಹೈದರಾಬಾದ್ ರಾಜ್ಯಕ್ಕಾಗಿ 1950ರಲ್ಲಿ ಸಿದ್ಧವಾದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಚೆಂಚು, ಕೋಯ, ಗೊಂಡ, ರಾಜಗೊಂಡ, ನಾಯಕಪೋಡ್ ಮೊದಲಾದ ಹೆಸರುಗಳಿದ್ದವು. ರಾಜ್ಯ ಒಡೆದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ ಆ ಹೆಸರುಗಳೂ ಜಿಲ್ಲೆಗಳ ಜೊತೆಯಲ್ಲಿ ಬಂದವು. 1976ರ ತಿದ್ದುಪಡಿ ಕಾಯ್ದೆ ಪ್ರದೇಶದ ಮಿತಿಯನ್ನು ತೆಗೆಯಿತು. ಕರ್ನಾಟಕದ ಪಟ್ಟಿಯಲ್ಲಿ ಗೊಂಡ, ನಾಯಕಪೋಡ್, ರಾಜಗೊಂಡ ಎಂಬ ನಮೂದು ಇಂದಿಗೂ ಇದೆ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಗೊಂಡ ಮತ್ತು ಕುರುಬ ಎಂಬವು ಒಂದೇ ಸಮುದಾಯದ ಎರಡು ಹೆಸರುಗಳೆ ಎಂಬ ವಿವಾದ ಹಲವು ದಶಕಗಳಿಂದ ನಡೆದುಬಂದಿದೆ. ಭಟ್ಕಳದ ಕಡೆಯ ಗೊಂಡರ ಪ್ರಶ್ನೆ ಬೇರೆ. ಆದಿಲಾಬಾದಿನ ರಾಜಗೊಂಡರನ್ನು ಹೈಮೆಂಡಾರ್ಫ್ ವರ್ಣಿಸಿದ ಗ್ರಂಥವೂ ತೆಗೆದ ಚಿತ್ರವೂ ಇಂಥ ವಿವಾದಗಳಲ್ಲಿ ಅಳತೆಗೋಲಾಗಿ ಬಳಕೆಯಾಗುವ ಸಾಧ್ಯತೆ ಯಾವಾಗಲೂ ಇದೆ. ಆದಿಲಾಬಾದಿನವರಂತೆ ಕಾಣದವರು, ಅವರಂತೆ ಕುಣಿಯದವರು, ಗೊಂಡಿ ಮಾತಾಡದವರು ಗೊಂಡರೇ ಅಲ್ಲವೆಂದು ಒಬ್ಬರು ವಾದಿಸಬಹುದು. ಹೆಸರು ಒಂದೇ ಆದ್ದರಿಂದ ಜನರೂ ಒಂದೇ ಎಂದು ಇನ್ನೊಬ್ಬರು ವಾದಿಸಬಹುದು. ಎರಡೂ ವಾದಗಳಿಗೆ ಮೂಕಚಿತ್ರ ಸಮಾನವಾಗಿ ಒದಗುತ್ತದೆ. ಈ ವಿವಾದದಲ್ಲಿ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಅದರೊಳಕ್ಕೆ ಕ್ಯಾಮೆರಾ ಹಿಡಿದು ಕಾಲಿಡುವ ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿಗೆ ತಾನು ತೆಗೆಯುತ್ತಿರುವುದು ಹಬ್ಬದ ಚಿತ್ರ ಮಾತ್ರವಲ್ಲ, ಯಾರದೋ ಪ್ರಮಾಣಪತ್ರದ ಪರವಾಗಿಯೋ ವಿರುದ್ಧವಾಗಿಯೋ ನಿಲ್ಲಬಹುದಾದ ಸಾಕ್ಷ್ಯ ಎಂಬ ಅರಿವು ಇರಬೇಕಾಗುತ್ತದೆ. ಸಾಕ್ಷ್ಯಚಿತ್ರ ಎಂಬ ಕನ್ನಡದ ಪದದಲ್ಲಿಯೇ ಆ ಎಚ್ಚರಿಕೆ ಅಡಗಿದೆ.

ಆದ್ದರಿಂದ ನಮ್ಮನ್ನು ಕೇಳುವ ವಿದ್ಯಾರ್ಥಿಗಳಿಗೆ ನಾವು ಸೂಚಿಸುವುದು ಹೊಸ ಚಿತ್ರ ತೆಗೆಯುವ ಮುನ್ನ ಹಳೆಯ ಚಿತ್ರವನ್ನು ಅದರ ಊರಿಗೆ ಒಯ್ಯುವ ಕೆಲಸವನ್ನು. ಲಂಡನ್ನಿನ ಸಂಗ್ರಹದ ಛಾಯಾಚಿತ್ರಗಳು ಡಿಜಿಟಲ್ ರೂಪಕ್ಕೆ ಬಂದಿವೆ. ಒಂದು ಪುಟ್ಟ ಪ್ರೊಜೆಕ್ಟರಿನೊಡನೆ ಮಾರ್ಲವಾಯಿಗೂ ಉಟ್ನೂರಿಗೂ ಹೋಗಿ, ಪರಧಾನರ ಮುಂದೆ ತೋರಿಸಿ, ಯಾವ ಮುಖ ಯಾರದು, ಯಾವ ಹೆಜ್ಜೆ ಯಾವ ಹಾಡಿನದು ಎಂದು ಕೇಳಿ ಧ್ವನಿಮುದ್ರಿಸಿಕೊಳ್ಳುವುದು ಒಂದು ಬೇಸಿಗೆಯ ಕೆಲಸ. ಆ ಮುಖಗಳನ್ನು ಗುರುತಿಸಬಲ್ಲ ಹಿರಿಯರು ಇನ್ನು ಕೆಲವರೇ. ಗುಲ್ಬರ್ಗ, ರಾಯಚೂರು, ಬಿಜಾಪುರದ ಸೈಟ್ ಹಳ್ಳಿಗಳಲ್ಲಿ 1975ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಆಸುಪಾಸು. ಶಾಲೆಯ ಅಂಗಳದಲ್ಲಿ ಕುಳಿತು ಬೆಳಗಿನ ಕಾರ್ಯಕ್ರಮ ನೋಡಿದ ನೆನಪು ಅವರಲ್ಲಿದೆ. ಈ ನೆನಪನ್ನು ಅವರದೇ ಕನ್ನಡದಲ್ಲಿ, ಅವರ ಹೆಸರು ಹಾಗೂ ಊರಿನ ಹೆಸರಿನೊಡನೆ, ಅವರ ಒಪ್ಪಿಗೆ ಪಡೆದು ಚಿತ್ರೀಕರಿಸಲು ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಹೊರನಾಡಿನ ಪೀಠಗಳಲ್ಲಿರುವ ನಮ್ಮಂಥವರು ದಿಲ್ಲಿಯಲ್ಲಿ, ಹೈದರಾಬಾದಿನಲ್ಲಿ, ಅಹಮದಾಬಾದಿನಲ್ಲಿ ಉಳಿದಿರಬಹುದಾದ ಕಡತಗಳನ್ನು ಹುಡುಕುವ ಭಾರವನ್ನು ಹೊರಬಹುದು. ಯಾವ ಊರಿನಲ್ಲಿ ಆ ತಂತಿಬಲೆಯ ಆಂಟೆನಾ ಎಲ್ಲಿ ನಿಂತಿತ್ತು, ಪೆಟ್ಟಿಗೆಯನ್ನು ಹಿಂದಕ್ಕೆ ಒಯ್ದ ದಿನ ಯಾರು ಏನೆಂದರು ಎಂಬುದನ್ನು ಮಾತ್ರ ಊರಿಗೆ ಹೋದವರೇ ಕೇಳಿಕೊಂಡು ಬರಬೇಕು.